ಪೈಪಿನ ಕೋವಿ ಮತ್ತು ಮಗುವಿನ ಕಣ್ಣು

ರಜೆ ಬಂತೆಂದರೆ ಶಿರಾಲಿ, ಮುರ್ಡೇಶ್ವರ, ಮಂಕಿಯ ಕಡೆಯ ಮನೆಗಳ ಹಿತ್ತಲಲ್ಲಿ ಒಂದು ಹೊಸ ಸದ್ದು ಶುರುವಾಗುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಗರಗಸ ಎಳೆಯುವ ಸದ್ದು, ಸುತ್ತಿಗೆಯ ಸದ್ದು, ನಡುನಡುವೆ ಹುಡುಗರ ಪಿಸುಮಾತು. ನಲ್ಲಿ ಕೆಲಸ ಮುಗಿದ ಮೇಲೆ ಉಳಿದ ಪಿ.ವಿ.ಸಿ. ಪೈಪಿನ ತುಂಡು, ಅಪ್ಪನ ಸೈಕಲ್ ಪಂಪು, ಹಳೆಯ ಟ್ಯೂಬಿನ ವಾಲ್ವು ಇಷ್ಟೂ ಮಾಯವಾಗಿದ್ದರೆ ಅಲ್ಲೊಂದು ಕೋವಿ ತಯಾರಾಗುತ್ತಿದೆ ಎಂದೇ ತಿಳಿಯಿರಿ. ‘ಅಮ್ಮಾ, ಒಂದೇ ಸರ್ತಿ ಹೊಡೆದು ತೋರಿಸ್ತೆ, ನೋಡು’ ಎಂದು ಮಗ ಕರೆದಾಗ ಒಲೆಯ ಮುಂದಿರುವ ತಾಯಿ ‘ಆಯ್ತು, ದೂರ ಹೋಗಿ ಹೊಡ್ಕೋ’ ಎಂದು ಹೇಳಿ ಸುಮ್ಮನಾಗುತ್ತಾಳೆ. ಈ ವಾರ ಆ ‘ಆಯ್ತು’ ಎಂಬ ಮಾತಿನ ಬಗ್ಗೆಯೇ ಸ್ವಲ್ಪ ಯೋಚಿಸೋಣ.

ಮೊದಲೇ ಹೇಳಿಬಿಡುತ್ತೇನೆ. ಕೈಯಾರೆ ಏನನ್ನಾದರೂ ಮಾಡುವ ಹುಡುಗ ಹುಡುಗಿಯರ ಮೇಲೆ ನನಗೆ ಬಹಳ ಪ್ರೀತಿ. ನಮ್ಮ ಕರಾವಳಿಗೆ ಗಾಳಿಕೋವಿ ಹೊಸತೂ ಅಲ್ಲ. ಬಿದಿರಿನ ಸಣ್ಣ ಅಂಡೆಯ ಎರಡೂ ತುದಿಗೆ ಹಸಿ ಕಾಯಿ ತುರುಕಿ, ಹಿಂದಿನಿಂದ ಕೋಲಿನಲ್ಲಿ ಒತ್ತಿದರೆ ಮುಂದಿನ ಕಾಯಿ ‘ಪಟ್’ ಎಂದು ಹಾರುವ ಪೆಟ್ಲನ್ನು ಅಜ್ಜಂದಿರ ಕಾಲದ ಮಕ್ಕಳೂ ಆಡಿದವರೇ. ಎರಡು ಕಾಯಿಗಳ ನಡುವೆ ಸಿಕ್ಕಿಕೊಂಡ ಗಾಳಿ ಒತ್ತಡಕ್ಕೆ ಒಳಗಾಗಿ ಮುಂದಿನ ಕಾಯಿಯನ್ನು ತಳ್ಳುತ್ತದೆ. ತತ್ವ ಅಷ್ಟೇ. ಆದರೆ ಪೆಟ್ಲಿನಲ್ಲಿ ಇರುವುದು ಒಂದೆರಡು ಚಮಚದಷ್ಟು ಗಾಳಿ. ಒತ್ತಡವೂ ಮಗುವಿನ ಕೈಯ ಬಲ ಎಷ್ಟೋ ಅಷ್ಟೇ. ಪೈಪಿನ ಕೋವಿಯಲ್ಲಿ ಇವೆರಡೂ ಅಳತೆ ಮೀರುತ್ತವೆ.

ನೀರಿನ ಪೈಪಿಗೆ ಗಾಳಿ ತುಂಬಿದರೆ

‘ಪೈಪಿನ ಮೇಲೇ 6 ಕೆ.ಜಿ. ಒತ್ತಡ ತಡೆಯುತ್ತದೆ ಎಂದು ಬರೆದಿದೆಯಲ್ಲ’ ಎಂದು ಹುಡುಗರು ವಾದಿಸುತ್ತಾರೆ. ಬರೆದಿರುವುದು ನಿಜ. ಆದರೆ ಅದು ನೀರಿನ ಲೆಕ್ಕ. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲವೆಂದೇ ಹೇಳಬಹುದು. ಆದ್ದರಿಂದ ನೀರು ತುಂಬಿದ ಪೈಪು ಸೀಳಿದರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ಆ ಕ್ಷಣಕ್ಕೇ ಇಳಿಯುತ್ತದೆ. ಗಾಳಿ ಹಾಗಲ್ಲ. ಅದು ಅದುಮಿಟ್ಟ ಸ್ಪ್ರಿಂಗಿನಂತೆ ಕುಗ್ಗಿ ಕುಳಿತಿರುತ್ತದೆ. ದಾರಿ ಸಿಕ್ಕೊಡನೆ ಒಮ್ಮೆಲೇ ಹಿಗ್ಗುತ್ತದೆ.

ನಾಲ್ಕು ಅಂಗುಲ ವ್ಯಾಸದ ನಾಲ್ಕು ಅಡಿ ಉದ್ದದ ಪೈಪಿನಲ್ಲಿ ಸುಮಾರು 10 ಲೀಟರ್ ಜಾಗವಿರುತ್ತದೆ. ಅದರಲ್ಲಿ ಚದರ ಸೆಂಟಿಮೀಟರಿಗೆ 6 ಕೆ.ಜಿ.ಯಷ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ಒಳಗೆ ಅಡಗಿರುವ ಶಕ್ತಿ, 50 ಕೆ.ಜಿ. ಅಕ್ಕಿಮೂಟೆಯೊಂದು 30 ಅಡಿ ಮೇಲಿನಿಂದ ಬಿದ್ದಾಗ ಇರುವಷ್ಟು. ಇಷ್ಟನ್ನು ಮಗ ತೊಡೆಯ ಮೇಲಿಟ್ಟುಕೊಂಡು, ಮುಖವನ್ನು ಒಂದು ಮೊಳ ದೂರದಲ್ಲಿ ಹಿಡಿದು, ‘ಇನ್ನೂ ನಾಲ್ಕು ಪಂಪು ಹೊಡಿ’ ಎಂದು ಗೆಳೆಯನಿಗೆ ಹೇಳುತ್ತಿರುತ್ತಾನೆ.

ಪಿ.ವಿ.ಸಿ. ಒಡೆಯುವ ರೀತಿಯೂ ಕೆಟ್ಟದ್ದು. ಕಬ್ಬಿಣ ಉಬ್ಬುತ್ತದೆ, ಸೀಳುತ್ತದೆ. ಈ ಪೈಪು ಗಾಜಿನಂತೆ ಚೂರುಚೂರಾಗಿ ಸಿಡಿಯುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ತುಂಡಾದರೆ ಇನ್ನೂ ಗಡಸು, ಇನ್ನೂ ಪೆಡಸು. ಅಂಟು ಹಾಕಿದ ಕೀಲುಗಳ ಮಾತಂತೂ ಕೇಳುವುದೇ ಬೇಡ. ಗಾಳಿಯನ್ನು ಒತ್ತಡದಲ್ಲಿ ಸಾಗಿಸಲು ತೆರೆದ ಜಾಗದಲ್ಲಿ ಪಿ.ವಿ.ಸಿ. ಪೈಪು ಬಳಸಬಾರದೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1988ರಲ್ಲೇ ಕಾರ್ಖಾನೆಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಅಂಥ ಪೈಪು ಸಿಡಿದು ಕೆಲಸಗಾರನೊಬ್ಬ ಗಾಯಗೊಂಡದ್ದು ಅದಕ್ಕೆ ಕಾರಣ. ಕಾರ್ಖಾನೆಗೇ ಬೇಡವಾದದ್ದು ಹಿತ್ತಲಿಗೆ ಬೇಕೆ?

ಚೂರು ಚರ್ಮದೊಳಗೆ ಹೊಕ್ಕರೆ ಇನ್ನೊಂದು ತೊಡಕಿದೆ. ಕಬ್ಬಿಣದ ಚೂರು ಎಕ್ಸ್-ರೇಯಲ್ಲಿ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಚೂರು ಅಷ್ಟು ಸ್ಪಷ್ಟವಾಗಿ ಕಾಣದೆ ಹೋಗಬಹುದು. ಆದ್ದರಿಂದ ಆಸ್ಪತ್ರೆಗೆ ಹೋದಾಗ ‘ಬಿದ್ದು ಗಾಯವಾಯಿತು’ ಎಂದು ಸುಳ್ಳು ಹೇಳಬೇಡಿ. ಪೈಪು ಸಿಡಿಯಿತು ಎಂದೇ ಹೇಳಿ. ಸಿಕ್ಕರೆ ಪೈಪಿನ ಒಂದು ತುಂಡನ್ನೂ ತೆಗೆದುಕೊಂಡು ಹೋಗಿ. ಬೈಗುಳಕ್ಕೆ ಹೆದರಿ ಮಕ್ಕಳು ಸುಳ್ಳು ಹೇಳುತ್ತಾರೆ, ಮಾನಕ್ಕೆ ಹೆದರಿ ಹಿರಿಯರು. ಇಬ್ಬರ ಸುಳ್ಳಿಗೂ ಬೆಲೆ ತೆರುವುದು ಕಣ್ಣೇ.

ಮಂಗ ಓಡಿಸುವ ಸದ್ದು

ಗಾಳಿಕೋವಿಗಿಂತಲೂ ಅಪಾಯದ ಅಣ್ಣನೊಬ್ಬನಿದ್ದಾನೆ. ಅದೇ ಕಾರ್ಬೈಡ್ ಕೋವಿ. ಮಲೆನಾಡು, ಕರಾವಳಿಯ ತೋಟಗಳಲ್ಲಿ ಮಂಗಗಳ ಕಾಟ ಎಷ್ಟೆಂದು ಅಡಿಕೆ, ತೆಂಗು ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ. ಎಳೆಕಾಯಿ ಕಿತ್ತು ಹಾಕುವ ಹಿಂಡನ್ನು ಓಡಿಸಲು ದೊಡ್ಡ ಸದ್ದು ಬೇಕು. ಹೀಗೆ ತೋಟಕ್ಕೆ ಬಂದ ಈ ಕೋವಿ ಮೆಲ್ಲಗೆ ಮಕ್ಕಳ ಕೈಗೆ ದಾಟಿದೆ.

2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ನಡೆದದ್ದನ್ನು ಪತ್ರಿಕೆ ಓದುವ ನೀವು ಮರೆತಿರಲಾರಿರಿ. ಭೋಪಾಲ, ವಿದಿಶಾ ಮುಂತಾದ ಕಡೆ ಬೀದಿಬದಿಯಲ್ಲಿ 150–200 ರೂಪಾಯಿಗೆ ಈ ಕೋವಿಗಳು ಆಟಿಕೆಯಂತೆ ಮಾರಾಟವಾದವು. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಗಾಯವಾಗಿ ಆಸ್ಪತ್ರೆ ಸೇರಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಹಲವರ ದೃಷ್ಟಿಯೇ ಹೋಯಿತು. ಮಂಗ ಓಡಿಸುವ ಈ ಸಾಧನದಿಂದ ಕಣ್ಣಿಗಾಗುವ ಗಾಯಗಳ ಬಗ್ಗೆ ಭೋಪಾಲದ ವೈದ್ಯರು 2023ರಲ್ಲೇ ಎಚ್ಚರಿಸಿದ್ದರು. ಕೇಳಿದವರು ಕಡಿಮೆ.

ಕಾರ್ಬೈಡ್ ಎಂದರೆ ಕ್ಯಾಲ್ಸಿಯಂ ಕಾರ್ಬೈಡ್. ಬೂದು ಬಣ್ಣದ ಕಲ್ಲಿನಂಥ ವಸ್ತು; ಹಿಂದೆ ಸೈಕಲ್ ದೀಪಕ್ಕೆ ಬಳಸುತ್ತಿದ್ದರು, ಗ್ಯಾಸ್ ವೆಲ್ಡಿಂಗಿನವರಿಗೆ ಪರಿಚಿತ. ಮಾವು ಹಣ್ಣು ಮಾಡಲು ಇದನ್ನು ಬಳಸುವುದು ನಿಷಿದ್ಧವಾಗಿದ್ದರೂ ಕಳ್ಳದಾರಿಯಲ್ಲಿ ಬಳಕೆ ನಡೆದೇ ಇದೆ. ನೀರು ತಾಗಿದರೆ ಇದರಿಂದ ಅಸಿಟಿಲೀನ್ ಎಂಬ ಅನಿಲ ಹೊರಡುತ್ತದೆ. ಬೆಂಕಿ ಕಂಡರೆ ಸಾಕು, ಸಿಡಿಯುವ ಅನಿಲ. ಉಳಿಯುವ ಗಷ್ಟು ಏನು ಗೊತ್ತೆ? ಸುಣ್ಣ. ನಮ್ಮ ಎಲೆಯಡಿಕೆಯ ಸುಣ್ಣವೇ, ಆದರೆ ಬಿಸಿಬಿಸಿಯಾಗಿ, ಬಂದೂಕಿನ ವೇಗದಲ್ಲಿ ಬರುವ ಸುಣ್ಣ.

ಈ ಕೋವಿಯಿಂದ ಗಾಯಗೊಳ್ಳುವವರಲ್ಲಿ ಅನೇಕರ ಕತೆ ಒಂದೇ. ಕೋವಿ ಸಿಡಿಯಲಿಲ್ಲ. ‘ಯಾಕೆ ಹೊತ್ತಲಿಲ್ಲ?’ ಎಂದು ಬಗ್ಗಿ ಕೊಳವೆಯೊಳಗೆ ನೋಡಿದರು. ಆಗ ಸಿಡಿಯಿತು. ಬೆಂಕಿ, ಸುಣ್ಣ, ಪ್ಲಾಸ್ಟಿಕ್ ಚೂರು ಮೂರೂ ಒಟ್ಟಿಗೆ ನೇರ ಕಣ್ಣಿಗೆ. ಹುಡುಗನ ದಡ್ಡತನ ಎಂದು ಬೈಯಬೇಡಿ. ಏಕೆ ಆಗಲಿಲ್ಲ ಎಂದು ನೋಡುವುದು ಜಾಣ ಹುಡುಗನ ಸ್ವಭಾವ.

ಸುಣ್ಣ ಕಣ್ಣಿಗೆ ಏನು ಮಾಡುತ್ತದೆ?

ಆಮ್ಲ ಅಂದರೆ ಆಸಿಡ್ ಎಂದರೆ ನಮಗೆ ಭಯ. ಸುಣ್ಣ ಎಂದರೆ ಸಲಿಗೆ. ಮಿರ್ಜಾನದ ಕಡೆ ಅಘನಾಶಿನಿಯ ಚಿಪ್ಪಿನಿಂದ ಸುಣ್ಣ ಸುಡುವುದನ್ನು ನೋಡುತ್ತಾ ಬೆಳೆದವರು ನಾವು. ಆದರೆ ಕಣ್ಣಿನ ಮಟ್ಟಿಗೆ ಕ್ಷಾರ ಆಮ್ಲಕ್ಕಿಂತಲೂ ಕ್ರೂರಿ. ಆಮ್ಲ ತಾಗಿದಾಗ ಕಣ್ಣಿನ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ತಾನೇ ಒಂದು ತಡೆಯಾಗಿ ಅದು ಒಳಗಿಳಿಯದಂತೆ ಬಹುಮಟ್ಟಿಗೆ ನಿಲ್ಲಿಸುತ್ತದೆ. ಕ್ಷಾರವಾದರೋ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬನ್ನು ಸಾಬೂನಾಗಿಸಿ ಕರಗಿಸುತ್ತಾ ಒಳಗೊಳಗೇ ಇಳಿಯುತ್ತದೆ. ರೆಪ್ಪೆಯ ಸಂದಿಯಲ್ಲಿ ಒಂದು ಕಣ ಉಳಿದರೂ ಗಂಟೆಗಟ್ಟಲೆ ಅದರ ಕೆಲಸ ಸಾಗುತ್ತದೆ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಮಂಜು ಕವಿದ ಗಾಜಿನಂತಾಗುತ್ತದೆ. ಗಾಯ ತೀವ್ರವಾಗಿದ್ದರೆ ಕಣ್ಣು ಕೆಂಪಾಗುವ ಬದಲು ಬೆಳ್ಳಗೆ ಕಾಣಬಹುದು, ರಕ್ತನಾಳಗಳೇ ಸತ್ತಿರುತ್ತವೆ. ‘ಕೆಂಪು ಇಲ್ಲ, ಚಿಂತೆಯಿಲ್ಲ’ ಎಂದುಕೊಳ್ಳುವುದು ದೊಡ್ಡ ತಪ್ಪು. ಮಕ್ಕಳು ಸುಣ್ಣದ ಪೊಟ್ಟಣ ಒತ್ತಿ ಒಡೆದು ಕಣ್ಣು ಕಳೆದುಕೊಳ್ಳುವುದು ಕಣ್ಣಿನ ಆಸ್ಪತ್ರೆಗಳಿಗೆ ಹೊಸ ಸುದ್ದಿಯಲ್ಲ. ಅಜ್ಜಿಯ ಎಲೆಪೆಟ್ಟಿಗೆಯೂ ಮಗುವಿನ ಕೈಗೆ ಎಟುಕದಿರಲಿ.

ಇಲ್ಲಿ ಔಷಧ ಒಂದೇ: ನೀರು. ಕೂಡಲೇ, ಅಲ್ಲೇ, ಧಾರಾಳವಾಗಿ. ಬಾವಿಕಟ್ಟೆಯಲ್ಲಾಗಲಿ ಬಚ್ಚಲಲ್ಲಾಗಲಿ ಮಗುವನ್ನು ಮಲಗಿಸಿ, ಗಾಯಗೊಂಡ ಕಣ್ಣು ಕೆಳಗಿನ ಬದಿಗೆ ಬರುವಂತೆ ತಲೆ ಓರೆ ಮಾಡಿ, ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದು, ಚೊಂಬಿನಿಂದ ಶುದ್ಧ ನೀರನ್ನು ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವಂತೆ ಹೊಯ್ಯುತ್ತಲೇ ಇರಿ. ಮಗು ಕಿರುಚುತ್ತದೆ, ಒದೆಯುತ್ತದೆ. ಇಬ್ಬರು ಹಿಡಿದುಕೊಳ್ಳಬೇಕಾಗಬಹುದು. ಗಡಿಯಾರ ನೋಡಿ, ಅರ್ಧ ಗಂಟೆ. ಐದು ನಿಮಿಷ ತೊಳೆದು ಬಾಡಿಗೆ ಕಾರಿಗೆ ಓಡುವುದಲ್ಲ. ಶಿರಾಲಿಯಿಂದ ಉಡುಪಿ, ಮಣಿಪಾಲದ ದೊಡ್ಡ ಆಸ್ಪತ್ರೆಗಳಿಗೆ ಸುಮಾರು ಎರಡು ಗಂಟೆಯ ದಾರಿ. ಆ ಎರಡು ಗಂಟೆ ಸುಣ್ಣ ಕಣ್ಣಿನೊಳಗೇ ಇದ್ದರೆ ಅಲ್ಲಿ ಎಂಥ ತಜ್ಞರಿದ್ದರೂ ಮಾಡಬಹುದಾದದ್ದು ಕಡಿಮೆ. ತೊಳೆದ ನಂತರ ಭಟ್ಕಳದ ತಾಲೂಕು ಆಸ್ಪತ್ರೆಗೋ ಹತ್ತಿರದ ವೈದ್ಯರಲ್ಲಿಗೋ ಹೋಗಿ, ಅವರು ಮತ್ತೆ ತೊಳೆದು ಮುಂದಕ್ಕೆ ಕಳಿಸುತ್ತಾರೆ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ನಂದಿಬಟ್ಟಲ ಹೂವಿನ ರಸ, ತಾಯಿಯ ಹಾಲು, ತುಪ್ಪ, ಹರಳೆಣ್ಣೆ, ಪನ್ನೀರು ಇವು ಯಾವುದೂ ಬೇಡ. ಸುಣ್ಣಕ್ಕೆ ಎದುರಾಗಲಿ ಎಂದು ಲಿಂಬೆರಸ ಹಿಂಡುವವರೂ ಉಂಟು. ಅದು ಗಾಯದ ಮೇಲೆ ಇನ್ನೊಂದು ಗಾಯ.

ಪೆಟ್ಟು ಬಿದ್ದ ಕಣ್ಣು, ಚುಚ್ಚಿದ ಕಣ್ಣು

ಗಾಳಿಕೋವಿಯಿಂದ ಹಾರಿದ ವಸ್ತು ತಾಗಿದರೆ ಮಾತು ಬೇರೆ. ನಮ್ಮ ಕಣ್ಣಿನ ಸುತ್ತ ಮೂಳೆಯ ಕೋಟೆಯಿದೆ. ತೆಂಗಿನಕಾಯಿ, ಕ್ರಿಕೆಟ್ ಚೆಂಡಿನಂಥ ದೊಡ್ಡ ವಸ್ತು ಬಡಿದಾಗ ಪೆಟ್ಟಿನ ಬಹುಪಾಲನ್ನು ಈ ಮೂಳೆ ತಾಳಿಕೊಳ್ಳುತ್ತದೆ. ಆದರೆ ಹುಡುಗರು ಕೋವಿಗೆ ತುಂಬುವ ಗೋಲಿ, ಸುಲಿದ ಅಡಿಕೆ, ಆಲೂಗಡ್ಡೆಯ ತುಂಡು ಈ ಕೋಟೆಯ ಬಾಗಿಲಿನಲ್ಲೇ ನುಸುಳುವ ಗಾತ್ರದವು. ಹೊರಗೆ ಗಾಯವೇ ಕಾಣದಿರಬಹುದು. ಒಳಗೆ ಕಾರ್ನಿಯಾದ ಹಿಂದೆ, ಕಪ್ಪುಗುಡ್ಡೆಯ ಮುಂದೆ ರಕ್ತ ಸೋರಿ ತಳದಲ್ಲಿ ನಿಂತಿರಬಹುದು, ಮಸೂರ ಜಾರಿರಬಹುದು, ಹಿಂದಿನ ಅಕ್ಷಿಪಟಲ ಹರಿದಿರಬಹುದು. ‘ಸ್ವಲ್ಪ ಮಂಜು ಮಂಜು’ ಎಂದು ಮಗು ಹೇಳಿದರೆ ನಾಳೆ ನೋಡೋಣ ಎನ್ನಬೇಡಿ. ತಲೆ ಎತ್ತರಿಸಿ ಮಲಗಿಸಿ; ನೋವಿಗೆಂದು ಆಸ್ಪಿರಿನ್ ಕೊಡಬೇಡಿ, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಇಂಥ ಪೆಟ್ಟು ತಿಂದ ಕಣ್ಣಿನಲ್ಲಿ ವರ್ಷಗಳ ನಂತರ ಗ್ಲಾಕೋಮಾ ಕಾಣಿಸಿಕೊಳ್ಳುವುದುಂಟು. ವಾಸಿಯಾಯಿತೆಂದು ಕೈಬಿಡದೆ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ಪರೀಕ್ಷಿಸಿಸುತ್ತಿರಬೇಕು.

ಚೂರು ಚುಚ್ಚಿಕೊಂಡಿದ್ದರೆ ಅದನ್ನು ಕೀಳಬೇಡಿ. ಕಣ್ಣನ್ನು ಒತ್ತಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ, ಅಂಚು ಹುಬ್ಬು ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವಂತೆ ಕಣ್ಣಿಗೆ ಮುಚ್ಚಿ, ಮೆತ್ತಗೆ ಅಂಟಿಸಿ ಕರೆದೊಯ್ಯಿರಿ. ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಅರಿವಳಿಕೆ ಕೊಡಬೇಕಾಗಿ ಬರಬಹುದು. ಹರಿದ ಕಣ್ಣನ್ನು 24 ಗಂಟೆಯೊಳಗೆ ಹೊಲಿದರೆ ಸೋಂಕಿನ ಭಯ ಕಡಿಮೆ. ಕಾರ್ಬೈಡೂ ಸಿಡಿದಿದ್ದರೆ ಮೊದಲು ನೀರು, ಆಮೇಲೆ ಲೋಟ. ನೀರು ಹೊಯ್ಯುವಾಗ ಗುಡ್ಡೆಯನ್ನು ಒತ್ತದಿದ್ದರಾಯಿತು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಕಣ್ಣಿಗೆ ಆಳವಾದ ಗಾಯವಾದರೆ ವಾರಗಳ, ತಿಂಗಳುಗಳ ನಂತರ ಗಾಯವೇ ಆಗದ ಇನ್ನೊಂದು ಕಣ್ಣೂ ಉರಿಯೂತಕ್ಕೆ ತುತ್ತಾಗುವ ಸಾಧ್ಯತೆ, ಅಪರೂಪಕ್ಕೆ, ಇದೆ. ಅಂಧರ ಲಿಪಿ ಕೊಟ್ಟ ಲೂಯಿ ಬ್ರೈಲ್ ಹುಟ್ಟು ಕುರುಡರಲ್ಲ. ಅವರ ತಂದೆ ಫ್ರಾನ್ಸಿನ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಕುದುರೆ ಜೀನು ಹೊಲಿಯುವವರು. 1812ರಲ್ಲಿ, ಮೂರು ವರ್ಷದ ಲೂಯಿ ತಂದೆಯ ಕೆಲಸದ ಕೋಣೆಯಲ್ಲಿ ಚರ್ಮಕ್ಕೆ ತೂತು ಹಾಕುವ ದಬ್ಬಳ ಹಿಡಿದು ಆಡುತ್ತಿದ್ದಾಗ ಅದು ಒಂದು ಕಣ್ಣಿಗೆ ಚುಚ್ಚಿತು. ಐದು ವರ್ಷ ತುಂಬುವ ಹೊತ್ತಿಗೆ ಎರಡು ಕಣ್ಣೂ ಹೋದವು. ಕೆಲಸದ ಕೋಣೆಗೆ ಅಗುಳಿ ಹಾಕುವಾಗ ಈ ಮಗುವನ್ನು ನೆನೆಯಿರಿ. ಈಗ ಇಂಥ ಉರಿಯೂತಕ್ಕೆ ಔಷಧವಿದೆ. ಆದರೆ ಇನ್ನೊಂದು ಕಣ್ಣು ಕೆಂಪಾದರೆ, ಬೆಳಕು ಸಹಿಸದಾದರೆ, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಏಳೆಂಟು ವರ್ಷದೊಳಗಿನ ಮಗುವಾದರೆ ಗಾಯ ಮಾಗಿದ ಮೇಲೂ ಕೆಲಸ ಮುಗಿಯದು. ಮಂಜಾದ ಕಣ್ಣಿನಿಂದ ಸರಿಯಾದ ಚಿತ್ರ ಬಾರದಿದ್ದರೆ ಮಿದುಳು ಆ ಕಣ್ಣನ್ನೇ ಮರೆತುಬಿಡುತ್ತದೆ. ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ ಸೋಮಾರಿ ಕಣ್ಣಿಗೆ ದುಡಿಮೆ ಕಲಿಸಬೇಕಾಗುತ್ತದೆ.

ಕಿವಿಯ ಮಾತು ಬೇಗ ಮುಗಿಸುತ್ತೇನೆ. ಹತ್ತಿರದ ಸಿಡಿತದಿಂದ ಕಿವಿತಮಟೆ ಹರಿಯಬಹುದು. ಸಣ್ಣ ತೂತಾದರೆ ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಕೊಬ್ಬರಿ ಎಣ್ಣೆ ಬಿಡದಿದ್ದರೆ ಮತ್ತು ನೀರು ಹೋಗದಿದ್ದರೆ. ಒಳಗಿವಿಯ ನವಿರು ಕೋಶಗಳು ಸತ್ತರೆ ಮಾತ್ರ ಮತ್ತೆ ಹುಟ್ಟುವುದಿಲ್ಲ. ಸದ್ದಿನ ನಂತರ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ, ಮಾರನೆಯ ದಿನಕ್ಕೂ ಕೇಳಿಸುವುದು ಮಂದವಾಗಿದ್ದರೆ ತಡ ಮಾಡದೆ ತೋರಿಸಿ; ಔಷಧ ಕೆಲಸ ಮಾಡುವುದು ಮೊದಲ ಕೆಲವು ದಿನಗಳಲ್ಲೇ.

ಗ್ಯಾರೇಜಿನ ಗಾಳಿ

ಹೆದ್ದಾರಿಯುದ್ದಕ್ಕೂ ಗ್ಯಾರೇಜು, ಪಂಕ್ಚರ್ ಅಂಗಡಿಗಳಿವೆ. ಬಂದರುಗಳಲ್ಲಿ ದೋಣಿ ಇಂಜಿನ್ ರಿಪೇರಿಯವರಿದ್ದಾರೆ. ಎಲ್ಲ ಕಡೆ ಕಂಪ್ರೆಸರ್ ಉಂಟು, ಅಲ್ಲಿ ಕೆಲಸ ಕಲಿಯುವ ಹದಿಹರೆಯದವರೂ ಉಂಟು. ಬಟ್ಟೆಯ ಧೂಳು ಕೊಡವಲು ಗಾಳಿ ಬಿಟ್ಟುಕೊಳ್ಳುವುದು, ಗೆಳೆಯನ ಮೈಗೆ ಬಿಟ್ಟು ನಗುವುದು ಅಲ್ಲಿ ದಿನನಿತ್ಯದ ತಮಾಷೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ವಾಹನ ಸರ್ವಿಸ್ ಕೇಂದ್ರವೊಂದರಲ್ಲಿ ಇಂಥದೇ ತಮಾಷೆ 24 ವರ್ಷದ ಯುವಕನ ಜೀವ ತೆಗೆಯಿತು. ಸ್ನೇಹಿತ ಗುದದ್ವಾರದ ಬಳಿ ಗಾಳಿ ಬಿಟ್ಟ. ಹೊಟ್ಟೆ ಉಬ್ಬಿ ಕರುಳಿಗೆ ಹಾನಿಯಾಯಿತು. ಹೇಳಲು ಸಂಕೋಚದ ವಿಷಯವೇ. ಆದರೆ ಗ್ಯಾರೇಜಿಗೆ ಹೋಗುವ ಮಗನಿಗೆ ತಂದೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಮೈಮೇಲೆ ಬಟ್ಟೆಯಿದ್ದರೂ ರಕ್ಷಣೆಯಿಲ್ಲ. ಹಾಗೆಯೇ ಗಾಳಿ ಅಥವಾ ಗ್ರೀಸ್ ಗನ್ನಿನ ಮೂತಿ ಬೆರಳಿಗೆ ತಾಗಿ ಸೂಜಿಮೊನೆಯಷ್ಟು ಗಾಯವಾದರೂ ಅದು ತುರ್ತು ಸ್ಥಿತಿಯೇ. ಹೊರಗೆ ಚುಕ್ಕೆ, ಒಳಗೆ ಅಂಗೈವರೆಗೂ ಹಾನಿ. ಅಂದೇ ಶಸ್ತ್ರಚಿಕಿತ್ಸಕರು ನೋಡದಿದ್ದರೆ ಬೆರಳು ಉಳಿಯುವುದೇ ಕಷ್ಟ.

ಕಟಿಂಗ್ ಮೆಷಿನ್ನಿನ ಕಿಡಿ ಕಣ್ಣಿಗೆ ಬಿದ್ದರೆ ಜತೆಗಾರ ಕರವಸ್ತ್ರದ ತುದಿಯಿಂದಲೋ ಸೂಜಿಯಿಂದಲೋ ತೆಗೆಯುವ ಪದ್ಧತಿಯೂ ನಿಲ್ಲಬೇಕು. ಹಾಗೆ ಗೀರಿದ ಕಣ್ಣಿನಲ್ಲಿ ಹುಣ್ಣಾಗಿ ಬಿಳಿ ಕಲೆ ಉಳಿಯುತ್ತದೆ. ತಂಪು ಕನ್ನಡಕ ಕಿಡಿ ತಡೆಯುವುದಿಲ್ಲ, ಬದಿಯಿಂದಲೂ ಮುಚ್ಚುವ ಪಾಲಿಕಾರ್ಬೊನೇಟ್ ಕನ್ನಡಕ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅಂದಹಾಗೆ, ಅಪ್ಪನೂ ಹಾಕಿಕೊಂಡರೆ ಮಾತ್ರ ಮಗ ಹಾಕಿಕೊಳ್ಳುತ್ತಾನೆ.

ಸುಟ್ಟ ಚರ್ಮಕ್ಕೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟು, ಶಾಯಿ, ಅರೆದ ಸೊಪ್ಪು, ಮಂಜುಗಡ್ಡೆ ಬೇಡ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ಕಾಲವಾಯಿತೆಂದು ವೈದ್ಯರಿಗೆ ತಿಳಿಸಿ.

ಹಾಗಾದರೆ ಮಗನ ಉತ್ಸಾಹಕ್ಕೇನು ಮಾಡುವುದು? ಪೈಪು ಕಿತ್ತುಕೊಂಡು ಎರಡೇಟು ಕೊಟ್ಟರೆ ಕೋವಿ ಪಕ್ಕದ ಮನೆಯ ಹಿತ್ತಲಿಗೆ ಹೋಗುತ್ತದೆ, ಅಷ್ಟೇ. ಅವನಿಗೆ ಬೇರೊಂದು ತೋಪು ಕೊಡಿ. ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳದ ನಡುವೆ ನಿಂಬೆಹಣ್ಣು ದಾಟುವಷ್ಟು ದುಂಡನೆಯ ತೂತು ಮಾಡಿಕೊಡಿ. ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಡೋಲಿನಂತೆ ಬಿಗಿದು ಕಟ್ಟಲಿ. ಅದನ್ನು ಅಂಗೈಯಿಂದ ತಟ್ಟಿದರೆ ತೂತಿನಿಂದ ಗಾಳಿಯ ಬಳೆಯೊಂದು ಹೊರಟು ಏಳೆಂಟು ಅಡಿ ದೂರದಲ್ಲಿ ನೇತುಬಿಟ್ಟ ಕಾಗದದ ಚೂರನ್ನು ಅಲುಗಿಸುತ್ತದೆ. ಒಳಗೆ ಊದುಬತ್ತಿಯ ಹೊಗೆ ತುಂಬಿಸಿ ತಟ್ಟಿದರೆ ಬಳೆ ಕಣ್ಣಿಗೇ ಕಾಣುತ್ತದೆ. ತೂತಿನ ಗಾತ್ರ ಬದಲಿಸಿದರೆ ಬಳೆ ಎಷ್ಟು ದೂರ ಹೋಗುತ್ತದೆ, ಚೌಕ ತೂತಾದರೆ ಏನಾಗುತ್ತದೆ ಎಂದು ಲೆಕ್ಕ ಬರೆದಿಡಲಿ. ಇಲ್ಲಿ ಒತ್ತಡ ತುಂಬಿಟ್ಟುಕೊಳ್ಳುವುದಿಲ್ಲ, ಸಿಡಿಯಲು ಏನೂ ಇಲ್ಲ. ಹೊಗೆ ತುಂಬುವಾಗ ಮಾತ್ರ ಹಿರಿಯರೊಬ್ಬರು ಜತೆಗಿರಲಿ.

ತೋಟದಲ್ಲಿ ಕಾರ್ಬೈಡ್ ಕೋವಿ ಈಗಾಗಲೇ ಇಟ್ಟುಕೊಂಡವರಿಗೆ ಒಂದು ಮಾತು. ನಿಮ್ಮ ಬೆಳೆಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ಬಳಸಿ ಎಂದು ನಾನು ಹೇಳಲಾರೆ. ಉಳಿದ ಕಾರ್ಬೈಡನ್ನು ಬಾವಿಗೋ ಬಚ್ಚಲಿಗೋ ಸುರಿಯಬೇಡಿ, ಅಲ್ಲಿಯೂ ಅನಿಲ ಏಳುತ್ತದೆ. ಒದ್ದೆ ತಾಗದ ಮುಚ್ಚಿದ ಡಬ್ಬಿಯಲ್ಲಿಟ್ಟು, ಪರಿಚಯದ ವೆಲ್ಡಿಂಗಿನವರಿಗೆ ಒಪ್ಪಿಸಿಬಿಡಿ. ಮಳೆಗಾಲ ಶುರುವಾಗುವ ಮೊದಲೇ ಈ ಕೆಲಸ ಮುಗಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಒಣಗಿರುವ ಮೂಲೆ ಯಾವ ಮನೆಯಲ್ಲೂ ಇರುವುದಿಲ್ಲ.